ಬಾಯಿ ಕ್ಯಾನ್ಸರ್‌ಗೆ ಕಪ್ಪು ರಾಸ್ಪ್‌ಬೆರಿ: ಪರೀಕ್ಷೆಗಳಲ್ಲಿ ನಿಜಕ್ಕೂ ಏನು ಸಿಕ್ಕಿದೆ?

ಹೊಸಗದ್ದೆ (ಶಿರಸಿ):

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನಿಗೆ ಅರವತ್ತರ ಹತ್ತಿರ ವಯಸ್ಸು. ಹುಡುಗನಾಗಿದ್ದಾಗಿನಿಂದ ಕವಳ (ಎಲೆಯಡಿಕೆ) ಹಾಕುವ ಅಭ್ಯಾಸ, ಜತೆಗೆ ಹೊಗೆಸೊಪ್ಪು. ಈಗ ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಎದ್ದಿದೆ. ಉಜ್ಜಿದರೆ ಹೋಗುವುದಿಲ್ಲ. ನೋವಿಲ್ಲ, ಸಾರಿನ ಖಾರಕ್ಕೆ ಸ್ವಲ್ಪ ಉರಿ ಬರುತ್ತದೆ ಅಷ್ಟೇ. ಹಲ್ಲಿನ ಡಾಕ್ಟರು ಬಯಾಪ್ಸಿ ಮಾಡಿಸಿ ಎಂದಿದ್ದಾರೆ. ಚಿಕ್ಕಪ್ಪ ಒಪ್ಪುತ್ತಿಲ್ಲ. ಕತ್ತರಿ ತಾಗಿದರೆ ಹರಡುತ್ತದೆ ಎಂದು ಯಾರೋ ತಲೆಗೆ ತುಂಬಿದ್ದಾರೆ.

ಇದರ ನಡುವೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಅಮೆರಿಕದಲ್ಲಿ ಕಪ್ಪು ರಾಸ್ಪ್‌ಬೆರಿ ಹಣ್ಣಿನಿಂದ ಬಾಯಿ ಕ್ಯಾನ್ಸರ್ ವಾಸಿ ಮಾಡಿದ್ದಾರೆ, ಆಸ್ಪತ್ರೆ ಬೇಡ, ಪುಡಿ ತರಿಸಿ ಹಾಲಿಗೆ ಹಾಕಿ ಕುಡಿಯಿರಿ ಅಂತ. ಚಿಕ್ಕಮ್ಮ ಆಗಲೇ ಡಬ್ಬಿಯ ಬೆಲೆ ವಿಚಾರಿಸಿದ್ದಾರೆ. ಇದರಲ್ಲಿ ಎಷ್ಟು ನಿಜ? ತಿಳಿದವರು ಬಿಡಿಸಿ ಹೇಳಿ. ಮನೆಯಲ್ಲಿ ಮಾತಾಡಲು ನನಗೆ ಗಟ್ಟಿ ವಿಷಯ ಬೇಕು.

ಕೊಲಂಬಸ್ ಕನ್ನಡಿಗ:

ನಾನಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ಆ ಸಂದೇಶ ಹೇಳುವ ಕೆಲಸದ ಬಹುಪಾಲು ನಡೆದದ್ದು ಇದೇ ಊರಿನ ಒಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ. ನಾನು ಆಹಾರ ತಂತ್ರಜ್ಞ, ಡಾಕ್ಟರಲ್ಲ. ಹಾಗಾಗಿ ಹಣ್ಣಿನ ಕಡೆಯ ಮಾತು ಮಾತ್ರ ಹೇಳುತ್ತೇನೆ. ರೋಗದ ಕಡೆಯದ್ದನ್ನು ನಮ್ಮ ಹುಬ್ಬಳ್ಳಿ ಮೇಡಂ ಹೇಳಲಿ.

ಮೊದಲು ಹಣ್ಣು ಯಾವುದು ಅಂತ ಸರಿಯಾಗಿ ತಿಳಿಯಬೇಕು. ಇದು ಬ್ಲ್ಯಾಕ್‌ಬೆರಿ ಅಲ್ಲ. ಕಪ್ಪು ರಾಸ್ಪ್‌ಬೆರಿಯನ್ನು ಕಿತ್ತಾಗ ಒಳಗಿನ ದಿಂಡು ಗಿಡದಲ್ಲೇ ಉಳಿಯುತ್ತದೆ, ಹಣ್ಣು ಪುಟ್ಟ ಟೊಪ್ಪಿಯ ಹಾಗೆ ಟೊಳ್ಳಾಗಿ ಕೈಗೆ ಬರುತ್ತದೆ. ಬ್ಲ್ಯಾಕ್‌ಬೆರಿಯಲ್ಲಿ ದಿಂಡು ಹಣ್ಣಿನ ಜತೆಗೇ ಬರುತ್ತದೆ. ಸಸ್ಯಶಾಸ್ತ್ರದ ಹೆಸರು ರೂಬಸ್ ಆಕ್ಸಿಡೆಂಟಾಲಿಸ್. ಉತ್ತರ ಅಮೆರಿಕದ ಪೂರ್ವ ಭಾಗದ ಮುಳ್ಳುಗಿಡ. ಇಲ್ಲಿ ಜೂನ್–ಜುಲೈನಲ್ಲಿ ಕೆಲವೇ ವಾರ ಸಿಗುತ್ತದೆ. ಬೆರಳಿಗೆ ತಾಗಿದರೆ ನೇರಳೆ ಬಣ್ಣ ಬೇಗ ಹೋಗುವುದಿಲ್ಲ. ಆ ಬಣ್ಣ ಕೊಡುವ ಆಂಥೋಸಯನಿನ್‌ಗಳ ಮೇಲೆಯೇ ಸಂಶೋಧಕರ ಕಣ್ಣು. ಜತೆಗೆ ಎಲಾಜಿಕ್ ಆಮ್ಲದ ಕುಟುಂಬದ ವಸ್ತುಗಳೂ ಇವೆ.

ಗ್ಯಾರಿ ಸ್ಟೋನರ್ ಎನ್ನುವ ವಿಜ್ಞಾನಿ ಮೊದಲು ಎಲಾಜಿಕ್ ಆಮ್ಲವನ್ನೇ ಬೇರ್ಪಡಿಸಿ ನೋಡುತ್ತಿದ್ದರು. ಆಮೇಲೆ, ಒಂದೊಂದೇ ವಸ್ತು ಯಾಕೆ, ಇಡೀ ಹಣ್ಣನ್ನೇ ಪರೀಕ್ಷಿಸೋಣ ಎಂದು ಹೊರಟರು. ಹಣ್ಣನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ನೀರು ತೆಗೆದು ಪುಡಿ ಮಾಡುತ್ತಾರೆ. ಇದೇ ಫ್ರೀಜ್ ಡ್ರೈ. ಬಿಸಿ ತಾಗದ ಕಾರಣ ಬಣ್ಣದ ವಸ್ತುಗಳು ಹಾಳಾಗುವುದಿಲ್ಲ, ಹಣ್ಣಿನ ಸಾರ ಸುಮಾರು ಹತ್ತು ಪಟ್ಟು ಗಟ್ಟಿಯಾಗುತ್ತದೆ. ಜಾಮ್, ಸಿರಪ್ ಮಾಡಿದರೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಕುದಿಸುತ್ತಾರೆ, ಸಕ್ಕರೆ ಸುರಿಯುತ್ತಾರೆ.

ಮೊದಲ ಪರೀಕ್ಷೆಗಳು ಇಲಿಗಳ ಅನ್ನನಾಳದ ಮೇಲೆ ನಡೆದವು. ಆಮೇಲೆ ಬಾಯಿ. ಹ್ಯಾಮ್‌ಸ್ಟರ್ ಎನ್ನುವ ಪುಟ್ಟ ಪ್ರಾಣಿಗೆ ಕಾಳು ತುಂಬಿಟ್ಟುಕೊಳ್ಳಲು ಕೆನ್ನೆಯಲ್ಲಿ ಚೀಲವಿರುತ್ತದೆ. ಆ ಚೀಲಕ್ಕೆ ಕ್ಯಾನ್ಸರ್ ತರುವ ರಾಸಾಯನಿಕ ಹಚ್ಚುತ್ತಾರೆ, ಊಟದಲ್ಲಿ ಬೆರಿ ಪುಡಿ ಬೆರೆಸುತ್ತಾರೆ. 2002ರಲ್ಲಿ ಪ್ರಕಟವಾದ ಕೆಲಸ ಇದು. ಆಹಾರದಲ್ಲಿ ಶೇ 5 ಪುಡಿ ಇದ್ದ ಪ್ರಾಣಿಗಳಲ್ಲಿ ಗಡ್ಡೆಗಳು ಕಡಿಮೆ ಬಂದವು. ಶೇ 10 ಕೊಟ್ಟಾಗ ಇನ್ನೂ ಕಡಿಮೆ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಫಲ ನಡುವೆ ನಿಂತಿತು. ಜಾಸ್ತಿ ತಿಂದರೆ ಜಾಸ್ತಿ ಗುಣ ಎನ್ನುವವರು ಇದನ್ನು ನೆನಪಿಡಬೇಕು.

ಬಾಯಿರೋಗ ವೈದ್ಯೆ (ಹುಬ್ಬಳ್ಳಿ):

ಹೊಸಗದ್ದೆ ಅವರೇ, ಮೊದಲು ನಿಮ್ಮ ಚಿಕ್ಕಪ್ಪನ ವಿಷಯ. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆ ಎನ್ನುವುದು ಸುಳ್ಳು ಭಯ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅಕ್ಕಿಕಾಳಿನಷ್ಟೋ ಸ್ವಲ್ಪ ದೊಡ್ಡದೋ ಚೂರು ತೆಗೆಯುತ್ತೇವೆ, ಬೇಕಿದ್ದರೆ ಒಂದೆರಡು ಹೊಲಿಗೆ. ಉಜ್ಜಿದರೆ ಹೋಗದ, ಬೇರೆ ಕಾರಣ ಕಾಣದ ಬಿಳಿ ಮಚ್ಚೆಗೆ ಲ್ಯೂಕೋಪ್ಲೇಕಿಯಾ ಎನ್ನುತ್ತೇವೆ. ಹೆಚ್ಚಿನವು ಎಂದೂ ಕ್ಯಾನ್ಸರ್ ಆಗುವುದಿಲ್ಲ. ಕೆಲವು ಆಗುತ್ತವೆ. ಯಾವುದು ಆಗುತ್ತದೆ ಎಂದು ಬರಿಗಣ್ಣಿನಲ್ಲಿ ನೋಡಿ ನನಗೂ ಹೇಳಲಾಗದು. ಬಿಳಿಯ ನಡುವೆ ಕೆಂಪು ಇದ್ದರೆ, ನಾಲಿಗೆಯ ಪಕ್ಕದಲ್ಲಿ ಅಥವಾ ನಾಲಿಗೆಯ ಕೆಳಗೆ ಇದ್ದರೆ ಭಯ ಜಾಸ್ತಿ. ಈಗಾಗಲೇ ಒಳಗೆ ಕ್ಯಾನ್ಸರ್ ಇದ್ದು ಮೇಲೆ ಮಚ್ಚೆಯಾಗಿ ಕಾಣುವುದೂ ಉಂಟು. ಅದಕ್ಕೇ ಚೂರು ತೆಗೆದು ನೋಡಬೇಕು.

ಈಗ ಬೆರಿ. ನನ್ನ ಕೆಲಸವೇ ಇಂಥ ಮಚ್ಚೆಗಳು, ಹಾಗಾಗಿ ಈ ಪರೀಕ್ಷೆಗಳನ್ನು ಆಸೆಯಿಂದ ಓದಿದ್ದೇನೆ. ವಾಟ್ಸಾಪ್ ಸಂದೇಶದಲ್ಲಿ ತಪ್ಪಿರುವುದು ಮೂರು ಕಡೆ: ಗುಣ ಕಂಡ ಪರೀಕ್ಷೆಗಳಲ್ಲಿ ಬಳಸಿದ್ದು ಹಾಲಿಗೆ ಹಾಕುವ ಪುಡಿಯನ್ನಲ್ಲ, ಹಚ್ಚುವ ಜೆಲ್ ಅನ್ನು. ಅಲ್ಲಿಯ ರೋಗಿಗಳಿಗೆ ಇದ್ದದ್ದು ಕ್ಯಾನ್ಸರ್ ಅಲ್ಲ, ಅದರ ಹಿಂದಿನ ಹಂತ. ಮತ್ತು ಎಲ್ಲರೂ ಆಸ್ಪತ್ರೆಯ ಕಣ್ಣಳತೆಯಲ್ಲೇ ಇದ್ದರು.

ಸೂಸನ್ ಮ್ಯಾಲರಿ ಎನ್ನುವ ಬಾಯಿರೋಗ ತಜ್ಞೆಯ ತಂಡ ಶೇ 10ರಷ್ಟು ಬೆರಿ ಪುಡಿ ಇರುವ, ಒದ್ದೆ ಚರ್ಮಕ್ಕೆ ಅಂಟಿಕೊಳ್ಳುವ ಜೆಲ್ ತಯಾರಿಸಿತು. ಮೊದಲ ಪರೀಕ್ಷೆಯ ಫಲಿತಾಂಶ 2008ರಲ್ಲಿ ಬಂತು. ಮಚ್ಚೆ ಇರುವ ಜಾಗವನ್ನು ಮೆತ್ತಗೆ ಒರೆಸಿ ಒಣಗಿಸಬೇಕು. ಅರ್ಧ ಗ್ರಾಂ ಜೆಲ್ ತಿಕ್ಕಬೇಕು. ಮೂರು ಹೊತ್ತಿನ ಊಟದ ನಂತರ ಮತ್ತು ಮಲಗುವ ಮುಂಚೆ, ಹೀಗೆ ದಿನಕ್ಕೆ 4 ಸಲ, 6 ವಾರ. ತೊಂದರೆ ಏನೂ ಕಾಣಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸುಮಾರು ಶೇ 35 ಮಚ್ಚೆಗಳು ಸುಧಾರಿಸಿದ್ದವು, ಶೇ 45 ಇದ್ದಲ್ಲೇ ಇದ್ದವು, ಶೇ 20 ಹದಗೆಟ್ಟಿದ್ದವು. ಈ ಕೊನೆಯ ಅಂಕಿಯನ್ನು ಯಾವ ಫಾರ್ವರ್ಡ್ ಸಂದೇಶವೂ ಹೇಳುವುದಿಲ್ಲ.

ಅಲ್ಲಿ ಹೋಲಿಸಿ ನೋಡಲು ಪ್ಲಸೀಬೊ (ಔಷಧಿ ಇಲ್ಲದ, ನೋಡಲು ಮಾತ್ರ ಹಾಗೇ ಇರುವ ವಸ್ತು) ಪಡೆದ ರೋಗಿಗಳು ಇರಲಿಲ್ಲ. ಆ ಕೊರತೆ ತುಂಬಿದ್ದು 2014ರಲ್ಲಿ ಬಂದ ಎರಡನೆಯ ಪರೀಕ್ಷೆ. ಒಹಾಯೋ ಸ್ಟೇಟ್ ಜತೆ ಲೂಯಿವಿಲ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳೂ ಸೇರಿದವು. ಒಟ್ಟು 40 ಜನ. 22 ಜನರಿಗೆ ಬೆರಿ ಜೆಲ್, 18 ಜನರಿಗೆ ಹಣ್ಣಿಲ್ಲದ ಜೆಲ್. 3 ತಿಂಗಳು. ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. ಆರಂಭದಲ್ಲೇ ಮಚ್ಚೆಯ ಅರ್ಧ ಭಾಗವನ್ನು ಕತ್ತರಿಸಿ ಬಯಾಪ್ಸಿಗೆ ಕಳಿಸಿದರು. ಉಳಿದರ್ಧದ ಮೇಲೆ ಜೆಲ್ ಹಚ್ಚಿಸಿದರು. ಕೊನೆಗೆ ಆ ಅರ್ಧವನ್ನೂ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬೆರಿ ಜೆಲ್ ಹಚ್ಚಿದವರಲ್ಲಿ ಮಚ್ಚೆಯ ಗಾತ್ರ ಕುಗ್ಗಿತ್ತು, ಜೀವಕೋಶಗಳ ಕೆಡುಕಿನ ದರ್ಜೆ ಇಳಿದಿತ್ತು. ಗಡ್ಡೆ ತಡೆಯುವ ಜೀನ್‌ಗಳಿರುವ ಜಾಗದಲ್ಲಿ ಆಗುವ ನಷ್ಟವೂ ಕಡಿಮೆಯಾಗಿತ್ತು. ಹಣ್ಣಿಲ್ಲದ ಜೆಲ್ ಹಚ್ಚಿದವರಲ್ಲಿ ಮಚ್ಚೆ ಬೆಳೆದಿತ್ತು.

ಇದು ಸಣ್ಣ ವಿಷಯ ಅಲ್ಲ. ಆದರೆ 40 ಜನ, 3 ತಿಂಗಳು. ಹತ್ತು ವರ್ಷದ ನಂತರ ಇವರಲ್ಲಿ ಎಷ್ಟು ಜನಕ್ಕೆ ಕ್ಯಾನ್ಸರ್ ಬಂತು ಎನ್ನುವ ಪ್ರಶ್ನೆಗೆ ಉತ್ತರ ಕೊಡಲು ಈ ಪರೀಕ್ಷೆಯನ್ನು ಕಟ್ಟಿರಲಿಲ್ಲ. ಜೆಲ್‌ಗೆ ಔಷಧಿಯಾಗಿ ಅನುಮತಿಯೂ ಸಿಕ್ಕಿಲ್ಲ. ಇನ್ನೊಂದು ಮಾತು ದಯವಿಟ್ಟು ಗಮನಿಸಿ: ಜೆಲ್ ಹಚ್ಚಿದ ಎಲ್ಲರಿಗೂ ಬಯಾಪ್ಸಿ ಆಗಿತ್ತು. ಬಯಾಪ್ಸಿ ತಪ್ಪಿಸಲು ಬೆರಿ ಎನ್ನುವ ಮಾತಿಗೆ ಆ ಪರೀಕ್ಷೆಯಲ್ಲೇ ಆಧಾರವಿಲ್ಲ.

ಪ್ರಶ್ನೆ ಕೇಳುವವ:

ಮೇಡಂ, ಒಂದು ಸಂಶಯ. ಹಚ್ಚಿದರೆ ಗುಣ ಕಾಣುತ್ತದೆ ಅಂದಮೇಲೆ ತಿಂದರೂ ಬಾಯಿಗೆ ತಾಗೇ ತಾಗುತ್ತದಲ್ಲ? ಹಣ್ಣೇ ಜಗಿದು ತಿಂದರೆ ಸಾಲದೇ?

ಕೊಲಂಬಸ್ ಕನ್ನಡಿಗ:

ಒಳ್ಳೆಯ ಪ್ರಶ್ನೆ. ಇದೇ ನನ್ನ ವೃತ್ತಿಯ ಜಾಗ.

ತಿಂದ ಹಣ್ಣು ಬಾಯಲ್ಲಿರುವುದು ಅರೆಕ್ಷಣ. ನುಂಗಿದ ಮೇಲೆ ಆಂಥೋಸಯನಿನ್‌ಗಳು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹೊಟ್ಟೆಯಿಂದ ತಿರುಗಿ ಕೆನ್ನೆಯ ಚರ್ಮಕ್ಕೆ ಸಾಕಷ್ಟು ಬರುತ್ತದೆ ಎಂದು ನಂಬುವುದು ಕಷ್ಟ. ಅದಕ್ಕೇ ಎಲ್ಲರ ತಲೆನೋವು ಒಂದೇ: ಹಣ್ಣಿನ ಸಾರವನ್ನು ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲಿಸುವುದು ಹೇಗೆ? ಜೆಲ್ ಒಂದು ದಾರಿ. ನಿಧಾನವಾಗಿ ಚೀಪುವ ಮಾತ್ರೆ ಇನ್ನೊಂದು. ಇಲ್ಲಿಯ ಆಹಾರ ವಿಜ್ಞಾನ ವಿಭಾಗದವರು ಬೆರಿಯ ದಪ್ಪ ಪಾನೀಯ, ಅಗಿಯುವ ಮಿಠಾಯಿ ಕೂಡ ಮಾಡಿ ನೋಡಿದ್ದಾರೆ. ಮಿಠಾಯಿಯ ಗಟ್ಟಿತನ ಬದಲಾದರೆ ಅದು ಕರಗುವ ವೇಗ ಬದಲಾಗುತ್ತದೆ, ಬಾಯಿಗೆ ಸಿಗುವ ಸಾರವೂ ಬದಲಾಗುತ್ತದೆ.

ಇದರ ಮೇಲೆ ಒಬ್ಬೊಬ್ಬರ ಬಾಯಿ ಒಂದೊಂದು ತರ. ಎಂಜಲಿನಲ್ಲಿರುವ ಬ್ಯಾಕ್ಟೀರಿಯಾಗಳು ಆಂಥೋಸಯನಿನ್‌ಗೆ ಅಂಟಿದ ಸಕ್ಕರೆಯನ್ನು ಕಳಚುತ್ತವೆ. ಬಾಯಿಯ ಚರ್ಮದ ಕೋಶಗಳು ಅದನ್ನು ಒಳಗೆ ಎಳೆದುಕೊಂಡು ಬೇರೆ ರೂಪಕ್ಕೆ ತಿರುಗಿಸುತ್ತವೆ. ಈ ಕೆಲಸ ಕೆಲವರಲ್ಲಿ ಚುರುಕು, ಕೆಲವರಲ್ಲಿ ಮಂದ. ಒಂದೇ ಜೆಲ್ ಒಬ್ಬರಿಗೆ ಫಲ ಕೊಟ್ಟು ಇನ್ನೊಬ್ಬರಿಗೆ ಕೊಡದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ಮ್ಯಾಲರಿ ಅವರ ತಂಡವೇ ಹುಡುಕಿಕೊಂಡು ಹೋಗಿದೆ.

ಚೀಪುವ ಮಾತ್ರೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಕ್ರಿಸ್ಟೋಫರ್ ವೆಗ್‌ಹಾರ್ಸ್ಟ್ ಅವರ ತಂಡದ್ದು, 2016ರಲ್ಲಿ ಬಂತು. ಇದರಲ್ಲಿ ಇದ್ದವರು ನಿಜವಾದ ಬಾಯಿ ಕ್ಯಾನ್ಸರ್ ರೋಗಿಗಳು. ರೋಗ ಖಚಿತವಾದ ದಿನಕ್ಕೂ ಆಪರೇಷನ್ ದಿನಕ್ಕೂ ನಡುವೆ ಹೇಗೂ ಕೆಲವು ವಾರ ಕಾಯಬೇಕಲ್ವಾ, ಆ ಹೊತ್ತಿನಲ್ಲಿ ಮಾತ್ರೆ ಚೀಪಲು ಕೊಟ್ಟರು. ಆಪರೇಷನ್ ಮುಂದಕ್ಕೆ ಹೋಗಲಿಲ್ಲ. ತೆಗೆದ ಅಂಗಾಂಶದಲ್ಲಿ, ಉರಿಯೂತಕ್ಕೆ ಮತ್ತು ಕೆಟ್ಟ ಕೋಶಗಳ ಉಳಿವಿಗೆ ಸಂಬಂಧಿಸಿದ ಕೆಲವು ಜೀನ್‌ಗಳ ಚಟುವಟಿಕೆ ತಗ್ಗಿತ್ತು. ಗಡ್ಡೆ ಕರಗಿತು ಎಂದು ಅವರು ಹೇಳಿಲ್ಲ. ಹಣ್ಣಿನ ಸಾರ ಸರಿಯಾದ ಜಾಗ ತಲುಪಿ ಏನೋ ಮಾಡುತ್ತಿದೆ ಎಂದು ತೋರಿಸಿದರು, ಅಷ್ಟು.

ತೋಟದಮನೆ (ತೀರ್ಥಹಳ್ಳಿ):

ಬೆರಿ ಬಗ್ಗೆ ಇಷ್ಟು ಮಾತು, ಒಳ್ಳೆಯದು. ಆದರೆ ಪ್ರತಿ ಸಲ ಕೊನೆಗೆ ಅಡಿಕೆಯ ಮೇಲೇ ಬಂದು ನಿಲ್ಲುತ್ತದೆ, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ನಮ್ಮ ಮನೆ ನಡೆಯುವುದೇ ಅಡಿಕೆಯಿಂದ. ನಮ್ಮ ಅಜ್ಜಿ ತೊಂಬತ್ತರವರೆಗೆ ಎಲೆಯಡಿಕೆ ಹಾಕಿದರು, ಏನೂ ಆಗಲಿಲ್ಲ. ಹೊಗೆಸೊಪ್ಪು, ಗುಟ್ಕಾ ಕೆಟ್ಟದ್ದು, ಒಪ್ಪುತ್ತೇನೆ. ಅಡಿಕೆಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಡಿ. ಮಲೆನಾಡಿನಲ್ಲಿ ಎಷ್ಟು ಸಂಸಾರಗಳ ಅನ್ನ ಅದು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಬಾಯಿರೋಗ ವೈದ್ಯೆ (ಹುಬ್ಬಳ್ಳಿ):

ತೋಟದಮನೆ ಅವರೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನನ್ನ ತವರೂ ಸಾಗರದ ಕಡೆ, ನಮ್ಮ ಮನೆಯ ಅಂಗಳದಲ್ಲೂ ಅಡಿಕೆ ಹರವುತ್ತಿದ್ದರು. ಬೆಳೆಗಾರರನ್ನು ದೂರಲು ನನಗೆ ಮನಸ್ಸೂ ಇಲ್ಲ, ಹಕ್ಕೂ ಇಲ್ಲ.

ಆದರೆ ಕುರ್ಚಿಯಲ್ಲಿ ಕೂತ ರೋಗಿಗೆ ನಾನು ನಿಜ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ, ಹೊಗೆಸೊಪ್ಪಿಲ್ಲದ ಕವಳವನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುವ ರೋಗವನ್ನು ನಾನು ದಿನಾ ನೋಡುತ್ತೇನೆ. ಕೆನ್ನೆಯ ಒಳಗೆ ಬೆರಳಿಟ್ಟರೆ ಹಗ್ಗದಂಥ ಬಿಗಿ ಪಟ್ಟಿ ಸಿಗುತ್ತದೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ಎಂದರೆ ಎರಡೇ ಹೋಗುತ್ತವೆ, ಕೆಲವರಿಗೆ ಒಂದೇ. ಪ್ಯಾಕೆಟ್ ಅಡಿಕೆ ತಿನ್ನುವ ಇಪ್ಪತ್ತು, ಇಪ್ಪತ್ತೈದರ ಹುಡುಗರು ಇವರು. ಊಟದ ತುತ್ತು ಚಿಕ್ಕದು ಮಾಡಿಕೊಂಡು ತಿನ್ನುತ್ತಾರೆ, ಮನೆಯಲ್ಲಿ ಹೇಳಿರುವುದಿಲ್ಲ.

ನಿಮ್ಮ ಅಜ್ಜಿಯಂಥವರು ಇದ್ದಾರೆ. ಎಲ್ಲ ಜಗಿಯುವವರಿಗೂ ಕ್ಯಾನ್ಸರ್ ಬರುವುದಿಲ್ಲ. ಆದರೆ 2022ರ ಜಾಗತಿಕ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷಕ್ಕೆ ತುಟಿ ಮತ್ತು ಬಾಯಿ ಕ್ಯಾನ್ಸರ್‌ನ ಹೊಸ ರೋಗಿಗಳು ಸುಮಾರು 1.4 ಲಕ್ಷ, ಸಾವು 80 ಸಾವಿರದ ಹತ್ತಿರ. ಇಷ್ಟು ಜನರ ಮುಂದೆ ಒಬ್ಬ ಅಜ್ಜಿಯ ಅದೃಷ್ಟವನ್ನು ನಾನು ಸಾಕ್ಷಿಯಾಗಿ ಇಡಲಾರೆ. ಬೆಳೆಗಾರರ ಬದುಕಿಗೆ ಬೇರೆ ದಾರಿ ಬೇಕು, ಅದು ಸರ್ಕಾರ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಮಾತು. ಅದಾಗುವವರೆಗೆ ಜಗಿಯಿರಿ ಎಂದು ನಾನು ಯಾರಿಗೂ ಹೇಳಲಾಗುವುದಿಲ್ಲ.

ತೋಟದಮನೆ (ತೀರ್ಥಹಳ್ಳಿ):

ಮೂರು ಬೆರಳಿನ ವಿಷಯ ಓದಿ ನನ್ನ ತಮ್ಮನಿಗೆ ಮಾಡಿಸಿದೆ. ಎರಡೂವರೆ ಅನ್ನಬಹುದು. ನಾಳೆ ಕರೆದುಕೊಂಡು ಹೋಗುತ್ತೇನೆ.

ಬಾಯಿರೋಗ ವೈದ್ಯೆ (ಹುಬ್ಬಳ್ಳಿ):

ಖಂಡಿತ ಹೋಗಿ. ಈಗಲೇ ಅಡಿಕೆ ಬಿಟ್ಟರೆ ಅಲ್ಲಿಗೇ ನಿಲ್ಲಿಸುವ ಅವಕಾಶ ಚೆನ್ನಾಗಿದೆ.

ನಿವೃತ್ತ ಫಾರ್ಮಸಿಸ್ಟ್ (ಬೆಳಗಾವಿ):

ಆಹಾರದಿಂದ ಬಾಯಿಯ ಮಚ್ಚೆ ಗುಣಪಡಿಸುವ ಪ್ರಯತ್ನ ಅಮೆರಿಕದ್ದೊಂದೇ ಅಲ್ಲ. ನಮ್ಮ ಬೆಳಗಾವಿಯ ದಂತ ಕಾಲೇಜಿನಿಂದಲೇ 2004ರಲ್ಲಿ ಟೊಮೆಟೊದ ಕೆಂಪು ವಸ್ತು ಲೈಕೋಪಿನ್ ಮೇಲೆ ಒಂದು ಪರೀಕ್ಷೆ ಹೊರಬಂತು. ಲ್ಯೂಕೋಪ್ಲೇಕಿಯಾ ಇದ್ದ 58 ರೋಗಿಗಳು. ಕೆಲವರಿಗೆ ದಿನಕ್ಕೆ 8 ಮಿ.ಗ್ರಾಂ, ಕೆಲವರಿಗೆ 4, ಕೆಲವರಿಗೆ ಪ್ಲಸೀಬೊ. 3 ತಿಂಗಳು. ಲೈಕೋಪಿನ್ ತೆಗೆದುಕೊಂಡವರಲ್ಲಿ ಮಚ್ಚೆಗಳು ಚೆನ್ನಾಗಿ ಕುಗ್ಗಿದವು. ಲೋಕವೆಲ್ಲ ಈಗಲೂ ಈ ಕೆಲಸವನ್ನು ಉಲ್ಲೇಖಿಸುತ್ತದೆ. ನನಗೆ ಹೆಮ್ಮೆ ಇದೆ.

ಆದರೂ ಹಳೆಯ ಅನುಭವಗಳು ಕೈ ಹಿಡಿದು ಎಚ್ಚರಿಸುತ್ತವೆ. ಕೇರಳದಲ್ಲಿ ಹೊಗೆಸೊಪ್ಪು ಜಗಿಯುವವರಿಗೆ ಸ್ಪಿರುಲಿನಾ ಎನ್ನುವ ಪಾಚಿಯನ್ನು ದಿನಕ್ಕೆ 1 ಗ್ರಾಂ ಹಾಗೆ ಒಂದು ವರ್ಷ ಕೊಟ್ಟರು. 1995ರಲ್ಲಿ ಪ್ರಕಟವಾಯಿತು. 44 ಜನರಲ್ಲಿ 20 ಜನರ ಮಚ್ಚೆ ಪೂರ್ತಿ ಮಾಯವಾಯಿತು. ಪ್ಲಸೀಬೊ ತೆಗೆದುಕೊಂಡ 43ರಲ್ಲಿ 3 ಜನರದ್ದು ಮಾತ್ರ. ಎಂಥ ಫಲಿತಾಂಶ! ಆದರೆ ನಿಲ್ಲಿಸಿ ಒಂದು ವರ್ಷದೊಳಗೆ ಆ 20ರಲ್ಲಿ 9 ಜನರಿಗೆ ಮಚ್ಚೆ ಮತ್ತೆ ಬಂತು. ಅದಕ್ಕೂ ಮುಂಚೆ 1986ರಲ್ಲಿ ಅಮೆರಿಕದಲ್ಲಿ ವಿಟಮಿನ್ ಎ ಬಳಗದ ಐಸೋಟ್ರೆಟಿನೋಯಿನ್ ಕೊಟ್ಟಾಗಲೂ ಹೀಗೇ. 24ರಲ್ಲಿ 16 ಜನರಿಗೆ ಗುಣ ಕಂಡಿತು, ನಿಲ್ಲಿಸಿದ ಎರಡು ಮೂರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮರುಕಳಿಸಿತು.

ಅರಿಶಿನದ ಕರ್ಕ್ಯುಮಿನ್ ಅನ್ನು ನಮ್ಮ ದೇಶದಲ್ಲೇ 223 ಜನರ ಮೇಲೆ ನೋಡಿದರು, 2016ರದ್ದು. ದಿನಕ್ಕೆ 3.6 ಗ್ರಾಂ, 6 ತಿಂಗಳು. ಕಣ್ಣಿಗೆ ಕಾಣುವ ಸುಧಾರಣೆ ಕರ್ಕ್ಯುಮಿನ್‌ನವರಲ್ಲಿ ಶೇ 67.5. ಪ್ಲಸೀಬೊದವರಲ್ಲೂ ಶೇ 55.3! ಸೂಕ್ಷ್ಮದರ್ಶಕದಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಪ್ಲಸೀಬೊ ಇಟ್ಟು ನೋಡದೇ ಇದ್ದಿದ್ದರೆ ಅರಿಶಿನದಿಂದ ಮೂರರಲ್ಲಿ ಇಬ್ಬರು ಗುಣವಾದರು ಎಂದು ಊರೆಲ್ಲ ಸಾರುತ್ತಿದ್ದೆವು.

ಬೆರಿ ಜೆಲ್‌ನಲ್ಲಿ ಪ್ಲಸೀಬೊ ಗುಂಪಿನ ಮಚ್ಚೆ ಬೆಳೆಯಿತು, ಕರ್ಕ್ಯುಮಿನ್‌ನಲ್ಲಿ ಪ್ಲಸೀಬೊ ಗುಂಪಿನದ್ದೂ ಕುಗ್ಗಿತು. ನನಗೆ ಇದು ದೊಡ್ಡ ಪ್ರಶ್ನೆ. ಪರೀಕ್ಷೆಗೆ ಸೇರಿದ ಮೇಲೆ ಜನ ಜಗಿಯುವುದನ್ನು ಕಡಿಮೆ ಮಾಡುತ್ತಾರೆ, ಅದೂ ಒಂದು ಕಾರಣ ಇರಬಹುದು. ಹೋಲಿಸಲು ಒಂದು ಗುಂಪು ಇಟ್ಟುಕೊಂಡು ದೊಡ್ಡ ಸಂಖ್ಯೆಯಲ್ಲಿ, ಬೇರೆ ಬೇರೆ ದೇಶದಲ್ಲಿ ಮಾಡಿ ನೋಡದ ಹೊರತು ಬಿಡಿಸಲಾಗದು.

ಸುಧಾ (ಮೈಸೂರು):

ನಮ್ಮ ಯಜಮಾನರಿಗೆ ನಾಲಿಗೆಯ ಕ್ಯಾನ್ಸರ್ ಆಗಿ ಆಪರೇಷನ್, ಆಮೇಲೆ ರೇಡಿಯೇಷನ್ ಆಯಿತು. ಆಗ ಬಂದವರೆಲ್ಲ ಒಂದೊಂದು ಪುಡಿ ತಂದುಕೊಟ್ಟರು. ನೆಲ್ಲಿಕಾಯಿ, ಬೆರಿ, ಯಾವುದೋ ಬೇರು. ಪ್ರೀತಿಯಿಂದಲೇ ತಂದರು. ಬಾಯಿ ಹುಣ್ಣಾಗಿ ಗಂಜಿ ಕೂಡ ನುಂಗಲಾಗದ ಹೊತ್ತಿನಲ್ಲಿ ಹುಳಿ ಪುಡಿ ತಾಗಿದರೆ ಜೀವ ಹೋದಂತೆ ಆಗುತ್ತಿತ್ತು. ಡಾಕ್ಟರು ಎಲ್ಲವನ್ನೂ ನಿಲ್ಲಿಸಿ ಎಂದರು. ಆಗ ನನಗೆ ಕೋಪ ಬಂದಿತ್ತು, ಹಣ್ಣಿನ ಪುಡಿಯಲ್ಲಿ ಏನು ತಪ್ಪು ಅಂತ. ಚಿಕಿತ್ಸೆ ನಡೆಯುವಾಗ ಇಂಥವನ್ನು ಕೊಡಬಾರದು ಎನ್ನುವುದಕ್ಕೆ ಕಾರಣ ಇದೆಯೇ ಮೇಡಂ? ಇನ್ನೊಬ್ಬರಿಗೆ ಉಪಯೋಗ ಆಗಲಿ ಅಂತ ಕೇಳುತ್ತಿದ್ದೇನೆ.

ಬಾಯಿರೋಗ ವೈದ್ಯೆ (ಹುಬ್ಬಳ್ಳಿ):

ಸುಧಕ್ಕಾ, ಕೇಳಿದ್ದು ಒಳ್ಳೆಯದಾಯಿತು. ಕಾರಣ ಇದೆ. ರೇಡಿಯೇಷನ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರಲ್ಲಿ ಆಕ್ಸಿಡೀಕರಣದ ಹೊಡೆತಕ್ಕೂ ದೊಡ್ಡ ಪಾಲಿದೆ. ಇಂಥ ಪುಡಿಗಳಲ್ಲಿ ಗಟ್ಟಿಯಾಗಿರುವ ಆಂಟಿಆಕ್ಸಿಡೆಂಟ್‌ಗಳು ಆ ಹೊಡೆತವನ್ನೇ ತಡೆದುಬಿಟ್ಟರೆ ಎನ್ನುವುದು ಭಯ. ಇಂಥ ಮಾತ್ರೆಗಳಿಂದ ಕೆಡುಕು ಆಗಬಹುದು ಎನ್ನುವುದು ಬರೀ ಊಹೆಯಾಗಿ ಉಳಿದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದ 540 ಜನರ ಪರೀಕ್ಷೆ 2005ರಲ್ಲಿ ಬಂತು. ವಿಟಮಿನ್ ಇ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಎರಡನೆಯ ಕ್ಯಾನ್ಸರ್ ಬರುವುದು ಪ್ಲಸೀಬೊದವರಿಗಿಂತ ಜಾಸ್ತಿ ಆಗಿತ್ತು.

ಫಿನ್‌ಲ್ಯಾಂಡ್‌ನದ್ದು ಇನ್ನೂ ದೊಡ್ಡದು. 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರು. ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂದು ಹೊರಟರು. 1994ರಲ್ಲಿ ನೋಡಿದರೆ ಶೇ 18 ಜಾಸ್ತಿ ಆಗಿತ್ತು. ಕ್ಯಾರೆಟ್ ತಿನ್ನುವುದು ಕೆಟ್ಟದ್ದು ಎಂದಲ್ಲ. ಹಣ್ಣು, ತರಕಾರಿ ಊಟದಲ್ಲಿ ಇರಲಿ. ಅದರ ಸಾರವನ್ನು ಹತ್ತು ಪಟ್ಟು, ನೂರು ಪಟ್ಟು ಗಟ್ಟಿ ಮಾಡಿದ ಕೂಡಲೇ ಅದನ್ನು ಔಷಧಿ ಅಂತಲೇ ನೋಡಬೇಕು, ಔಷಧಿಯಂತೆಯೇ ಪರೀಕ್ಷಿಸಬೇಕು. ಆ ಹೊತ್ತಿನಲ್ಲಿ ನಿಮ್ಮವರಿಗೆ ಬೇಕಿದ್ದದ್ದು ತಣ್ಣನೆಯ ಮೆತ್ತನೆಯ ಊಟ, ಸಾಕಷ್ಟು ಪ್ರೊಟೀನು, ಬಾಯಿಯ ಶುಚಿ. ಡಾಕ್ಟರು ಹೇಳಿದ್ದು ಸರಿ.

ಹೊಸಗದ್ದೆ (ಶಿರಸಿ):

ಇಷ್ಟೊಂದು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಹಾಗಾದರೆ ಚಿಕ್ಕಮ್ಮನಿಗೆ ಏನು ಹೇಳಲಿ? ಡಬ್ಬಿ ಬೇಡ ಎಂದರೆ, ಬದಲಿಗೆ ಏನು ಮಾಡೋಣ ಎನ್ನುತ್ತಾರೆ. ಕೈಕಟ್ಟಿ ಕೂರುವುದು ಅವರಿಂದ ಆಗುವುದಿಲ್ಲ.

ಬಾಯಿರೋಗ ವೈದ್ಯೆ (ಹುಬ್ಬಳ್ಳಿ):

ಅವರು ಕೈಕಟ್ಟಿ ಕೂರುವುದೇ ಬೇಡ. ಈ ವಾರವೇ ಬಯಾಪ್ಸಿ ಮಾಡಿಸಲಿ, ಚಿಕ್ಕಪ್ಪನ ಜತೆ ಹೋಗಿ ಕೂರಲಿ. ಮನೆಯಲ್ಲಿ ಕವಳದ ತಟ್ಟೆ ಕಣ್ಣಿಗೆ ಬೀಳದಂತೆ ತೆಗೆದಿಡಲಿ. ಒಂದೇ ದಿನಕ್ಕೆ ಬಿಡಲಾಗದಿದ್ದರೆ ಅದಕ್ಕೂ ಸಹಾಯ ಸಿಗುತ್ತದೆ, ಕೇಳಲು ನಾಚಿಕೆ ಬೇಡ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಹಿಂದೆ ಸಾವಿರಾರು ಹಳ್ಳಿಯ ಜನರ ಜತೆ ಕೂತು ಮಾತಾಡಿ ಹೊಗೆಸೊಪ್ಪು ಬಿಡಿಸಿದರು. 1986ರಲ್ಲಿ ಅದರ ಲೆಕ್ಕ ಬಂತು. ಬಿಟ್ಟವರಲ್ಲಿ, ಕಡಿಮೆ ಮಾಡಿದವರಲ್ಲಿ ಹೊಸ ಬಿಳಿ ಮಚ್ಚೆ ಏಳುವುದೇ ಕಡಿಮೆಯಾಗಿತ್ತು. ಯಾವ ಹಣ್ಣಿಗೂ ಇಷ್ಟು ದೊಡ್ಡ ಸಾಕ್ಷಿ ಇಲ್ಲ.

ನೋಡುವುದರಿಂದಲೇ ಜೀವ ಉಳಿಯುತ್ತದೆ ಎನ್ನುವುದಕ್ಕೂ ಅದೇ ಕೇರಳದ ತಿರುವನಂತಪುರದ ಪರೀಕ್ಷೆಯೇ ಆಧಾರ. 1996ರಲ್ಲಿ ಶುರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಟಾರ್ಚ್ ಹಾಕಿ ಬಾಯಿ ನೋಡಿದರು. ಹೊಗೆಸೊಪ್ಪು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಶೇ 34 ಇಳಿಯಿತು. ನಮ್ಮಲ್ಲೂ 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಬಾಯಿ ತಪಾಸಣೆಯ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಬಯಾಪ್ಸಿ ಫಲ ಏನೇ ಬರಲಿ, ಮಚ್ಚೆ ತೆಗೆದರೂ ಬಿಟ್ಟರೂ, ಆಮೇಲೆ ಬಿಡದೆ ಬಂದು ತೋರಿಸಬೇಕು. ಮಚ್ಚೆ ಕ್ಯಾನ್ಸರ್ ಆಗದಂತೆ ಖಚಿತವಾಗಿ ತಡೆಯುವ ಔಷಧಿ ಯಾವುದೂ ಸಾಬೀತಾಗಿಲ್ಲ. ಒಂದೇ ವಿಷಯದ ಪರೀಕ್ಷೆಗಳನ್ನೆಲ್ಲ ಸೇರಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ 14 ಪರೀಕ್ಷೆಗಳ 909 ಜನರನ್ನು ಒಟ್ಟಿಗೆ ನೋಡಿ ಇದೇ ಮಾತಿಗೆ ಬಂತು. ಹಾಗಾಗಿಯೇ ಬೆರಿಯಂಥ ಕೆಲಸ ಮುಂದುವರಿಯಬೇಕು ಎಂದು ನನಗೆ ಆಸೆ. ನಮ್ಮ ಕೈಯಲ್ಲಿ ಸದ್ಯ ಚಾಕು ಮತ್ತು ಕಾಯುವಿಕೆ ಎರಡೇ ಇವೆ.

ಎಂ.ಡಿ.ಎಸ್ ವಿದ್ಯಾರ್ಥಿನಿ (ದಾವಣಗೆರೆ):

ಮೇಡಂ, ಸರ್, ಇಡೀ ಚರ್ಚೆ ಓದಿದೆ. ದಂತವೈದ್ಯದ ಸ್ನಾತಕೋತ್ತರ ಓದಿನ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದೇನೆ. ಕಪ್ಪು ರಾಸ್ಪ್‌ಬೆರಿ ನಮ್ಮಲ್ಲಿ ಬೆಳೆಯುವುದಿಲ್ಲ, ತರಿಸಿದರೆ ವಿಪರೀತ ಬೆಲೆ. ನಮ್ಮ ನೇರಳೆ ಹಣ್ಣಿನಲ್ಲೂ ಅದೇ ಬಣ್ಣ ಇದೆಯಲ್ಲ, ನಾಲಿಗೆ ಹೇಗೆ ನೀಲಿಯಾಗುತ್ತದೆ ನೋಡಿ. ನೇರಳೆಯ ಜೆಲ್ ಮಾಡಿ ರೋಗಿಗಳಿಗೆ ಹಚ್ಚಿ ನೋಡಬಹುದೇ?

ಕೊಲಂಬಸ್ ಕನ್ನಡಿಗ:

ಯೋಚನೆ ಚೆನ್ನಾಗಿದೆ ತಂಗಿ. ಆದರೆ ಬಣ್ಣ ಒಂದೇ ತರ ಕಂಡರೂ ಒಳಗಿನ ವಸ್ತು ಬೇರೆ. ಕಪ್ಪು ರಾಸ್ಪ್‌ಬೆರಿಯಲ್ಲಿ ಇರುವುದು ಹೆಚ್ಚಾಗಿ ಸಯನಿಡಿನ್ ಬಗೆಯವು. ನೇರಳೆಯಲ್ಲಿ ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಬಗೆಯವು. ಅಂಟಿಕೊಂಡ ಸಕ್ಕರೆಗಳೂ ಬೇರೆ. ಬೆರಿಯ ಫಲಿತಾಂಶವನ್ನು ನೇರಳೆಗೆ ಸಾಲ ಕೊಡಲಾಗದು, ನೇರಳೆ ತನ್ನದೇ ಪರೀಕ್ಷೆ ಪಾಸಾಗಬೇಕು.

ಮೊದಲು ನಿಮ್ಮ ಕೈಲಿರುವ ಪುಡಿಯಲ್ಲಿ ಎಷ್ಟು ಆಂಥೋಸಯನಿನ್ ಇದೆ ಎಂದು ಅಳೆಯಿರಿ. ಒಂದು ಮರದ ಹಣ್ಣಿಗೂ ಇನ್ನೊಂದಕ್ಕೂ, ಈ ವರ್ಷಕ್ಕೂ ಮುಂದಿನ ವರ್ಷಕ್ಕೂ ವ್ಯತ್ಯಾಸ ಬರುತ್ತದೆ. ಸಿಪ್ಪೆಯಲ್ಲಿ ಬಣ್ಣ ಹೆಚ್ಚು, ತಿರುಳಿನಲ್ಲಿ ಕಡಿಮೆ. ಬಿಸಿಲಿಗೆ ಒಣಗಿಸಿದರೆ ಬಣ್ಣ ಹಾಳು. ಆಮೇಲೆ ಜೆಲ್ ಮಾಡಿ ಫ್ರಿಜ್‌ನಲ್ಲಿ, ಹೊರಗೆ ಎರಡು ಕಡೆ ಇಟ್ಟು ವಾರವಾರ ಅಳೆಯಿರಿ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ರೋಗಿಯ ಮನೆಯ ಕಪಾಟಿನಲ್ಲಿ ಅದು ಉಳಿಯುತ್ತದೆಯೇ ಎನ್ನುವುದೇ ಒಂದು ಪೂರ್ತಿ ಪ್ರಬಂಧಕ್ಕೆ ಸಾಕು. ಅದನ್ನು ಯಾರೂ ಸಣ್ಣ ಕೆಲಸ ಎನ್ನುವುದಿಲ್ಲ.

ಬಾಯಿರೋಗ ವೈದ್ಯೆ (ಹುಬ್ಬಳ್ಳಿ):

ಸರ್ ಹೇಳಿದ್ದನ್ನು ಮೊದಲು ಮುಗಿಸಿ. ರೋಗಿಗಳ ಹತ್ತಿರ ಬರುವ ಹೊತ್ತಿಗೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಕೈಯಲ್ಲಿರಲಿ, ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ನಮೂದಿಸಿ. ನಿಮ್ಮ ಒಬ್ಬರ ಪ್ರಬಂಧದ ಅವಧಿಗೆ ರೋಗಿಗಳು ಸಾಲುವುದಿಲ್ಲ. ಎರಡು ಮೂರು ಕಾಲೇಜು ಸೇರಿ ಮಾಡಿದರೆ ಅರ್ಥವಿದೆ. ಜಗಿಯುವುದನ್ನು ಎಷ್ಟು ಬಿಟ್ಟರು ಎನ್ನುವ ಲೆಕ್ಕವನ್ನು ಎರಡೂ ಗುಂಪಿನಲ್ಲಿ ಪ್ರತಿ ಭೇಟಿಗೂ ಬರೆದಿಡಿ. ಇಲ್ಲದಿದ್ದರೆ ಗುಣ ಬಂದದ್ದು ಜೆಲ್‌ನಿಂದಲೋ ಬಿಟ್ಟದ್ದರಿಂದಲೋ ಕೊನೆಗೆ ಹೇಳಲಾಗುವುದಿಲ್ಲ. ಮುಗಿದ ಮೇಲೂ ಕನಿಷ್ಠ ಒಂದು ವರ್ಷ ಕರೆದು ನೋಡಿ. ಸ್ಪಿರುಲಿನಾದ ಪಾಠ ಅದೇ.

ಎಂ.ಡಿ.ಎಸ್ ವಿದ್ಯಾರ್ಥಿನಿ (ದಾವಣಗೆರೆ):

ಪ್ಲಸೀಬೊದ್ದೇ ನನಗೆ ತೊಡಕು ಮೇಡಂ. ನೇರಳೆ ಜೆಲ್ ಹಚ್ಚಿದವರ ಬಾಯಿ ನೀಲಿಯಾಗುತ್ತದೆ. ಯಾರಿಗೆ ಯಾವುದು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದಲ್ಲ?

ಬಾಯಿರೋಗ ವೈದ್ಯೆ (ಹುಬ್ಬಳ್ಳಿ):

ಗೊತ್ತಾಗುತ್ತದೆ. ಪ್ಲಸೀಬೊ ಜೆಲ್‌ಗೂ ತಿನ್ನುವ ಬಣ್ಣ ಹಾಕಿ ಹತ್ತಿರ ತರಬಹುದು, ರುಚಿಗೆ ಸ್ವಲ್ಪ ಒಗರು, ಹುಳಿ ಸೇರಿಸಬಹುದು. ಮಚ್ಚೆ ಅಳೆಯುವ ದಿನ ಜೆಲ್ ಹಚ್ಚದೆ ಬರಲು ಹೇಳಿ, ಬಾಯಿ ತೊಳೆಸಿ ಫೋಟೊ ತೆಗೆಯಿರಿ. ಅಳೆಯುವವರು ಬೇರೆ, ಜೆಲ್ ಕೊಡುವವರು ಬೇರೆ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಸ್ಲೈಡ್‌ಗಳನ್ನು ಸಂಖ್ಯೆ ಮಾತ್ರ ಬರೆದು, ಈ ರೋಗಿಗಳನ್ನು ಎಂದೂ ನೋಡದ ಇಬ್ಬರು ಪೆಥಾಲಜಿಸ್ಟ್‌ಗಳಿಗೆ ಬೇರೆ ಬೇರೆಯಾಗಿ ಕಳಿಸಿ. ಡಿಸ್‌ಪ್ಲೇಸಿಯಾ, ಅಂದರೆ ಜೀವಕೋಶಗಳ ಕೆಡುಕಿನ ದರ್ಜೆಯಲ್ಲಿ ಇಬ್ಬರ ಅಭಿಪ್ರಾಯ ಹೊಂದದೇ ಇರುವುದು ತುಂಬಾ ಸಾಮಾನ್ಯ, ಹಾಗಾದಾಗ ಮೂರನೆಯವರು ಬೇಕು. ಆ ಮೂವರಲ್ಲಿ ಒಬ್ಬಳಾಗಿ ಸ್ಲೈಡ್ ಓದಿಕೊಡಲು ನಾನು ತಯಾರಿದ್ದೇನೆ, ನಿಮ್ಮ ಗೈಡ್ ಒಪ್ಪಿದರೆ ಇಲ್ಲೇ ಬರೆಯಿರಿ.